ಮೊದಲು ಹೆಸರು ಹೇಳಿ, ಆಮೇಲೆ ಹಾಡಿ

ಗೌಹರ್ ಜಾನ್ ಎಂಬ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರೋ ಕಾಣೆ. ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಮೊದಮೊದಲು ಹಾಡಿದವರಲ್ಲಿ ಆಕೆ ಒಬ್ಬಳು. 1902ರ ನವೆಂಬರ್ ತಿಂಗಳಲ್ಲಿ, ಕಲ್ಕತ್ತೆಯಲ್ಲಿ. ಮೈಕು ಎಂಬುದು ಇನ್ನೂ ಬಂದಿರದ ಕಾಲ ಅದು. ಕಹಳೆಯಂಥ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ‘ನನ್ನ ಹೆಸರು ಗೌಹರ್ ಜಾನ್’ ಎಂದು ಠೀವಿಯಿಂದ ಹೇಳುತ್ತಿದ್ದಳು. ಜಂಬಕ್ಕಲ್ಲ, ನೋಡಿ. ಆ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ಹಾಡು ಯಾರದೆಂದು ಅಲ್ಲಿನ ಕೆಲಸಗಾರರಿಗೆ ತಿಳಿದು, ಸರಿಯಾದ ಚೀಟಿ ಅಂಟಿಸಲೆಂದು ಆ ಏರ್ಪಾಡು.

ಇಷ್ಟು ದೂರದ ಮಾತೇಕೆ ಎನ್ನುವಿರಾ? ಆ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಅರಮನೆಯ ವಿದುಷಿಯಾಗಿ ನೇಮಿಸಿಕೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ. ಒಂದು ಕಾಲದಲ್ಲಿ ದೇಶವೇ ಕಿವಿಗೊಟ್ಟು ಕೇಳಿದ ಹೆಂಗಸು ಇಲ್ಲಿಗೆ ಬರುವ ಹೊತ್ತಿಗೆ ದಣಿದು ಹೋಗಿದ್ದಳು. 1930ರ ಜನವರಿ 17ರಂದು ಇಲ್ಲಿಯೇ ತೀರಿಕೊಂಡಳು. ತನ್ನ ಹೆಸರನ್ನು ತಾನೇ ಹೇಳಿಕೊಂಡ ದನಿ ಮಾತ್ರ ಆ ಕಪ್ಪು ತಟ್ಟೆಗಳಲ್ಲಿ ಇಂದಿಗೂ ಇದೆ.

ಆಕೆ ಹೋಗಿ ಐದು ವರ್ಷಕ್ಕೆ ಇದೇ ಊರಿನಲ್ಲಿ ಇನ್ನೊಂದು ಸೋಜಿಗ ನಡೆಯಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಒಂದು ರೇಡಿಯೋ ನಿಲಯ ಆರಂಭಿಸಿಬಿಟ್ಟರು. ಸಣ್ಣ ಟ್ರಾನ್ಸ್‌ಮಿಟರ್, ಮನೆಯದೇ ಕೋಣೆ. ಅದಕ್ಕಿಟ್ಟ ಹೆಸರು ‘ಆಕಾಶವಾಣಿ’. ಎರಡು ದಶಕಗಳ ತರುವಾಯ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಇಂದು ನಾವು ‘ಸಮುದಾಯ ಬಾನುಲಿ’ ಎಂದು ಹೊಸದೆಂಬಂತೆ ಹೇಳುತ್ತೇವಲ್ಲ, ನನಗಂತೂ ಅದರ ಬೇರು ಈ ಮನೆಯಲ್ಲೇ ಕಾಣುತ್ತದೆ. ಊರಿನವರೇ ಊರಿಗಾಗಿ ಮಾತಾಡುವುದು, ಹಾಡುವುದು. ಅದಕ್ಕಿಂತ ಹೆಚ್ಚೇನು ಬೇಕು?

ಆದರೆ ಮನೆಯೊಳಗೆ ಹುಟ್ಟಿದ ಕೂಸು ಬೇಗ ಸರ್ಕಾರದ ಮಗುವಾಯಿತು. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಅಖಿಲ ಭಾರತ ಬಾನುಲಿಗೆ ಸೇರಿತು. 1955ರಲ್ಲಿ ನಿಲಯವೇ ಬೆಂಗಳೂರಿಗೆ ಹೋಯಿತು. ಹೋದದ್ದು ನಷ್ಟವೆಂದೇನೂ ನಾನು ಹೇಳಲಾರೆ. ಸಭೆಗೆ ಹೋಗಿ ಕಛೇರಿ ಕೇಳುವ ಸ್ವಾತಂತ್ರ್ಯವಿಲ್ಲದ ಹೆಣ್ಣುಮಕ್ಕಳ ಅಡಿಗೆಮನೆಗೆ ಚೌಡಯ್ಯನವರ ಪಿಟೀಲು, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ, ಗಂಗೂಬಾಯಿ ಹಾನಗಲ್ಲರ ಆ ಗಂಭೀರ ಕಂಠ ಎಲ್ಲವನ್ನೂ ತಂದುಕೊಟ್ಟದ್ದು ಇದೇ ಬಾನುಲಿ. 1952ರಲ್ಲಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾದ ಮೇಲೆ ಶನಿವಾರದ ರಾತ್ರಿಗಳಿಗೆ ಒಂದು ಬೇರೆಯೇ ಕಳೆ ಬಂದಿತ್ತು.

ಕೇಳುವವರಿಗೆ ಬಾಗಿಲು ಇಷ್ಟು ಅಗಲವಾಗಿ ತೆರೆಯಿತು. ಹಾಡುವವರ ಬಾಗಿಲಲ್ಲಿ ಮಾತ್ರ ಕಾವಲುಗಾರರು ನಿಂತಿದ್ದರು. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಹೊಂದುವ ವಾದ್ಯವಲ್ಲವೆಂದು 1940ರಿಂದ 1971ರವರೆಗೆ ಬಾನುಲಿಯಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. ವಾದ್ಯದ ಮಾತು ಹೋಗಲಿ ಅನ್ನಿ. 1940ರ ದಶಕದಲ್ಲಿ, ಪ್ರಸಾರ ಖಾತೆ ಸರ್ದಾರ್ ಪಟೇಲರ ಕೈಯಲ್ಲಿದ್ದಾಗ, ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾದವರನ್ನು ಹಾಡಿಸಕೂಡದೆಂಬ ಸೂಚನೆ ಹೊರಟಿತು. ಅದರ ಏಟು ಬಿದ್ದದ್ದು ಯಾರ ಮೇಲೆಂದು ಬಿಡಿಸಿ ಹೇಳಬೇಕೆ? ತಲೆಮಾರುಗಳಿಂದ ಸಂಗೀತವನ್ನು ಉಳಿಸಿಕೊಂಡು ಬಂದಿದ್ದ, ಗೌಹರ್ ಜಾನಳ ಸಾಲಿನ ಹೆಂಗಸರ ಮೇಲೆ. ಅವರಿಂದ ಕಲಿತ ಹಾಡು ಬೇಕು, ಅವರು ಬೇಡ! 1950ರ ದಶಕದಲ್ಲಿ ಧ್ವನಿಪರೀಕ್ಷೆ, ದರ್ಜೆಗಳ ಪದ್ಧತಿಯೂ ಬಿಗಿಯಾಯಿತು.

ಇನ್ನು ‘ಮರ್ಯಾದಸ್ಥ’ ಮನೆಯ ಹೆಂಗಸರಿಗಾದರೂ ಬಾಗಿಲು ತೆರೆದಿತ್ತೇ ಎಂದರೆ, ಅಲ್ಲಿ ಕಾವಲಿದ್ದದ್ದು ಮನೆಯವರದೇ. ನನ್ನ ಅಮ್ಮನ ವಿಷಯವನ್ನೇ ಹೇಳುತ್ತೇನೆ. ಏಳನೆಯ ವಯಸ್ಸಿನಿಂದ ತವರಿನಲ್ಲಿ ಸಂಗೀತ ಕಲಿತವಳು. ಮದುವೆಯಾಗಿ ಒಂಟಿಕೊಪ್ಪಲಿಗೆ ಬಂದಾಗ ಬಾನುಲಿ ನಿಲಯ ಇನ್ನೂ ಮೈಸೂರಿನಲ್ಲೇ ಇತ್ತು. ಒಮ್ಮೆ ಹಾಡಿ ಬರಲೇ ಎಂದು ಅಮ್ಮ ಕೇಳಿದಾಗ ತಾತ ಸಿಟ್ಟಾಗಲಿಲ್ಲವಂತೆ. ಮೆತ್ತಗೆ, ‘ಮನೆಯಲ್ಲಿ ಹಾಡಮ್ಮ, ಯಾರು ಬೇಡ ಅಂದ್ರು? ರೇಡಿಯೋದಲ್ಲಿ ನಮ್ಮ ಮನೆ ಹೆಣ್ಣುಮಗಳ ಹೆಸರು ಕೂಗಿ ಹೇಳ್ತಾರಲ್ಲ, ಅದು ಬೇಡ’ ಅಂದರಂತೆ. ನೋಡಿ, ಅವರಿಗೆ ಹಾಡಿನ ಮೇಲೆ ದೂರಿರಲಿಲ್ಲ, ಹೆಸರಿನ ಮೇಲೆ ಇತ್ತು. ಅಮ್ಮ ಇನ್ನೊಮ್ಮೆ ಕೇಳಲಿಲ್ಲ. ನಿಲಯವೂ ನೂರನಲವತ್ತು ಕಿಲೋಮೀಟರು ದೂರ ಹೋಯಿತು.

ನನ್ನ ಕಿವಿ ಬೆಳೆದದ್ದು ಅಮ್ಮನ ಆ ಒಳಮನೆಯ ಸಂಗೀತದಿಂದಲೇ. ಬೆಳಗ್ಗೆ ರೇಡಿಯೋ ಹಚ್ಚಿ, ಅದರಲ್ಲಿ ಬಂದ ಕೃತಿಯ ಜೊತೆಗೆ ಕಾಯಿ ತುರಿಯುತ್ತ ಮೆಲ್ಲಗೆ ಹಾಡುತ್ತಿದ್ದಳು. ಹಾಡಿದವರು ಎಲ್ಲಾದರೂ ಸಂಗತಿ ಹಾರಿಸಿದರೆ ಈಳಿಗೆಯ ಮುಂದೆಯೇ ಕೈ ನಿಲ್ಲಿಸಿ, ತಾನು ಅದನ್ನು ಹಾಡಿ ಮುಗಿಸಿ, ಮತ್ತೆ ತುರಿಯುವಳು. ಗೌರಿ ಹಬ್ಬಕ್ಕೆ, ಹಸೆಗೆ, ಸೀಮಂತಕ್ಕೆ ಬೀದಿಯವರೆಲ್ಲ ಕರೆಯುತ್ತಿದ್ದರು. ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬರುವ ಮೊದಲೇ, 1979ರಲ್ಲಿ, ಅಮ್ಮ ಹೋದಳು. ಅವಳ ದನಿ ಈಗ ಎಲ್ಲಿಯೂ ಇಲ್ಲ. ನಾಲ್ಕು ಗೋಡೆಯೊಳಗೆ ಹಾಡಿ ಹೋದ ಸಾವಿರಾರು ಹೆಂಗಸರ ದನಿಯಂತೆ ಅದೂ ಗಾಳಿಗೆ ಹೋಯಿತು.

ಗಾಳಿ ಯಾರ ಸ್ವತ್ತು ಎಂಬ ಪ್ರಶ್ನೆ ಕೋರ್ಟಿಗೂ ಹೋಯಿತು ಎಂದರೆ ನಗಬೇಡಿ. ಕ್ರಿಕೆಟ್ ಪಂದ್ಯಗಳ ಪ್ರಸಾರದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ, ಬಾನುಲಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಮಾರನೆಯ ವರ್ಷ ಬೆಂಗಳೂರಿನಲ್ಲಿ ಸೇರಿದ ಆಸಕ್ತರು ಜನರದೇ ರೇಡಿಯೋ ಬೇಕೆಂಬ ಘೋಷಣೆ ಹೊರಡಿಸಿದರು. ಆದರೂ ಪರವಾನಗಿ ಬರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರದವರು ಪರವಾನಗಿಗೆ ಕಾದು ಕೂರದೆ, ಟೀವಿಯ ಕೇಬಲ್ ತಂತಿಯಲ್ಲೇ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಹರಿಸಿದರು. ಅಲ್ಲಿ ಬೆನ್ನಿಗೆ ನಿಂತವರು ಸ್ವಸಹಾಯ ಸಂಘಗಳ ಹೆಂಗಸರು. ಹೆಣ್ಣುಮಕ್ಕಳು ಸಂಸಾರ ತೂಗಿಸುವ ಜಾಣತನವೇ ಅದು, ಇದ್ದುದರಲ್ಲಿ ದಾರಿ ಮಾಡಿಕೊಳ್ಳುವುದು.

ಸರ್ಕಾರ 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರ ಕೊನೆಯಲ್ಲಿ ಜನರ ನಡುವೆ ಕೆಲಸ ಮಾಡುವ ಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. 2008ರ ಅಕ್ಟೋಬರಿನಲ್ಲಿ, ಈಗ ತೆಲಂಗಾಣದಲ್ಲಿರುವ ಮಾಚನೂರಿನಲ್ಲಿ ದಲಿತ ಮಹಿಳೆಯರ ‘ಸಂಘಂ ರೇಡಿಯೋ’ ಶುರುವಾಯಿತು. ಅದನ್ನು ನಡೆಸಿದ ಇಬ್ಬರು ಹೆಣ್ಣುಮಕ್ಕಳ ಹೆಸರೂ ನರಸಮ್ಮ. ಬಿತ್ತನೆಬೀಜದ ಮಾತು, ಹೊಲದ ಹಾಡು, ಮನೆಮದ್ದು, ಎಲ್ಲವೂ ತಮ್ಮದೇ ಆಡುಮಾತಿನಲ್ಲಿ. ನಮ್ಮ ಮೈಸೂರು ಜಿಲ್ಲೆಯ ಸರಗೂರಿನಲ್ಲಿ 2012ರಲ್ಲಿ ‘ಜನಧ್ವನಿ’ ಬಂತು.

ನಾನು ನಿವೃತ್ತಳಾದ ಮೇಲೆ ಇಂಥದೇ ಒಂದು ಪುಟ್ಟ ಕೇಂದ್ರಕ್ಕೆ ವಾರಕ್ಕೆರಡು ದಿನ ಹೋಗತೊಡಗಿದೆ. ಸಂಬಳವಿಲ್ಲ, ಕಾಫಿ ಉಂಟು. ಟ್ರಾನ್ಸ್‌ಮಿಟರಿನ ಶಕ್ತಿಗೆ ನೂರು ವ್ಯಾಟಿನ ಮಿತಿ. ಹತ್ತಾರು ಕಿಲೋಮೀಟರಿಗೆ ದನಿ ಮುಗಿಯುತ್ತದೆ. ಕಾರ್ಯಕ್ರಮಗಳಲ್ಲಿ ಅರ್ಧವಾದರೂ ಸ್ಥಳೀಯರೇ ಸೇರಿ ಮಾಡಿದ್ದಾಗಿರಬೇಕೆಂದು ನಿಯಮ. ಹಾಗಾಗಿ ನನ್ನ ಕೆಲಸ ಬೀದಿ ಸುತ್ತುವುದು, ಹಾಡುವವರನ್ನು ಹುಡುಕುವುದು. ಹುಟ್ಟಿ ಬೆಳೆದ ಬೀದಿಯಲ್ಲಿ ಇಷ್ಟೊಂದು ಹಾಡಿದೆಯೆಂದು ನನಗೆ ತಿಳಿದದ್ದು ಆಗಲೇ. ಹಾಲಿನ ಬೂತಿನ ಹಿಂದಿನ ಮನೆಯಲ್ಲಿ ಹೊಲಿಗೆ ಮಾಡುವ ಹೆಂಗಸಿಗೆ ತನ್ನ ಅಜ್ಜಿ ಮದುವೆಯಲ್ಲಿ ಹೇಳುತ್ತಿದ್ದ ದಖನಿ ಹಾಡುಗಳು ಬಾಯಿಗೆ ಬರುತ್ತವೆ. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮಗನ ಜೊತೆಗಿರುವ ಬೀದರಿನ ಅಜ್ಜಿ ಬೀಸುವ ಕಲ್ಲನ್ನು ಕಂಡು ಮೂವತ್ತು ವರ್ಷವಾಯಿತಂತೆ; ಬೀಸುವ ಪದ ಮಾತ್ರ ಒಂದೂ ಮರೆತಿಲ್ಲ.

ಧ್ವನಿಮುದ್ರಣಕ್ಕೆ ಕೂತಾಗ ಮೊದಲ ತೊಡಕು ಯಾವುದೆಂದು ಊಹಿಸಿ. ಬಳೆ! ತಾಳ ಹಾಕಿದರೆ ಸಾಕು, ಗಾಜಿನ ಬಳೆ ಹಾಡಿಗಿಂತ ಜೋರಾಗಿ ಕೇಳುತ್ತದೆ. ತೆಗೆಯಿರಿ ಎನ್ನಲು ಬಾಯಿ ಬರುತ್ತದೆಯೇ? ಕರ್ಚೀಫು ಸುತ್ತಿಬಿಡುತ್ತೇವೆ. ಬೇಸಿಗೆಯಾದರೂ ಫ್ಯಾನು ನಿಲ್ಲಿಸಬೇಕು. ಇವೆಲ್ಲ ಬಗೆಹರಿಯುತ್ತವೆ. ಬಗೆಹರಿಯದ ತೊಡಕು ಎರಡನೆಯದು. ಹೂವು ಮಾರುವ ಅಜ್ಜಿಯೊಬ್ಬರು ಸೋಬಾನೆ ಹೇಳಲು ಒಪ್ಪಿ ಬಂದರು. ‘ಅಜ್ಜಿ, ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ಹಾಡಿ’ ಎಂದೆ. ‘ಅಯ್ಯೋ ಬುಡವ್ವ, ನನ್ನೆಸ್ರು ಕಟ್ಕೊಂಡು ಯಾರ್ಗೇನಾಗ್ಬೇಕು? ಹೂವಿನಜ್ಜಿ ಅಂತ ಹಾಕು’ ಎಂದರು. ಒತ್ತಾಯಿಸಲಿಲ್ಲ. ಹಾಡಿದರು, ಹೂವಿನಜ್ಜಿ ಎಂದೇ ಪ್ರಸಾರವಾಯಿತು. ಬೀದಿಯವರೆಲ್ಲ ಹೂ ಕೊಳ್ಳುವಾಗ ಹೊಗಳಿದ್ದೇ ಹೊಗಳಿದ್ದು. ಮೂರನೆಯ ಸಲ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಮೈಕಿನ ಹತ್ತಿರ ಬಗ್ಗಿ ತಮ್ಮ ಹೆಸರು, ಹುಟ್ಟಿದ ಊರು, ಹಾಡು ಕಲಿಸಿದ ತಾಯಿಯ ಹೆಸರು ಎಲ್ಲವನ್ನೂ ಹೇಳಿ, ‘ಇನ್ ಹಾಡ್ಲಾ?’ ಎಂದು ಕೇಳಿದರು.

ಎಲ್ಲರಿಗೂ ಇದು ಹಿಡಿಸುತ್ತದೆಂದಲ್ಲ. ಸಂಗೀತ ಬಲ್ಲ ಕೇಳುಗರೊಬ್ಬರು ಕೇಂದ್ರಕ್ಕೆ ಬಂದು, ಶ್ರುತಿ ಸೇರದ ಹಾಡನ್ನೆಲ್ಲ ಹಾಕುತ್ತೀರಿ, ಧ್ವನಿಪರೀಕ್ಷೆ ಇಡಿ ಎಂದರು. ಅವರ ಸಂಕಟ ನನಗೆ ಅರ್ಥವಾಗದೆ ಇಲ್ಲ. ಅಪಶ್ರುತಿ ಕೇಳಿದರೆ ನನ್ನ ಹಲ್ಲೂ ಜುಮ್ಮೆನ್ನುತ್ತದೆ. ಆದರೂ ಬೇಡವೆಂದು ವಾದಿಸಿದೆ. ಶುದ್ಧ ಸಂಗೀತವನ್ನು ಕಾಪಾಡಲು ಆಕಾಶವಾಣಿಯಿದೆ, ಸಭೆಗಳಿವೆ. ಅದು ಬೇಕಾದ ಕೆಲಸವೇ. ನಮ್ಮದು ಬೇರೆ ಕೆಲಸ. ಇಲ್ಲಿ ನಾವು ರಾಗಕ್ಕೆ ಅಂಕ ಕೊಡಲು ಕೂತಿಲ್ಲ, ಈ ಬೀದಿಯಲ್ಲಿ ಯಾರು ಯಾರಿದ್ದಾರೆಂದು ಬೀದಿಗೇ ತಿಳಿಸಲು ಕೂತಿದ್ದೇವೆ. ದಖನಿ ಮದುವೆ ಹಾಡು ಪ್ರಸಾರವಾದ ದಿನ ಫೋನು ಮಾಡಿದ ಹೆಂಗಸು, ‘ಇಪ್ಪತ್ತು ವರ್ಷದಿಂದ ರವಿಕೆ ಹೊಲಿಸ್ಕೊತಾ ಇದ್ದೀನಿ, ಹಾಡ್ತಾರೆ ಅಂತಲೇ ಗೊತ್ತಿರಲಿಲ್ಲ’ ಎಂದರು. ಇದನ್ನು ಯಾವ ದರ್ಜೆಗೆ ಸೇರಿಸೋಣ?

ಈಗ ಎಲ್ಲರ ಕೈಯಲ್ಲೂ ಫೋನಿದೆ, ರೇಡಿಯೋ ಯಾಕೆ ಎಂದು ಮೊಮ್ಮಗಳು ಕೇಳುತ್ತಾಳೆ. ಫೋನಿನ ಹಾಡು ನಮ್ಮವರಿಂದ ನಮ್ಮವರಿಗೆ ಹೋಗುತ್ತದೆ. ರೇಡಿಯೋದ ಹಾಡು, ನಾವು ಯಾರೆಂದೇ ಗೊತ್ತಿಲ್ಲದವರ ಅಡಿಗೆಮನೆಗೂ ಹೋಗುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ದೊಡ್ಡ ವ್ಯತ್ಯಾಸ.

ನಿಮ್ಮ ಊರಿನಲ್ಲಿ ಇಂಥ ಕೇಂದ್ರವಿದ್ದರೆ ಒಮ್ಮೆ ಹೋಗಿ ಬನ್ನಿ. ಇಲ್ಲದಿದ್ದರೂ ಅಡ್ಡಿಯಿಲ್ಲ. ಮನೆಯಲ್ಲಿ ಹಾಡುವ ಅತ್ತೆಯಿದ್ದಾರೆಯೇ, ಕೆಲಸಕ್ಕೆ ಬರುವಾಕೆಗೆ ಪದ ಬರುತ್ತದೆಯೇ, ಪಕ್ಕದ ಮನೆಯ ಅಜ್ಜಿಗೆ ಲಾಲಿ ನೆನಪಿದೆಯೇ, ಕೇಳಿ ನೋಡಿ. ಒಪ್ಪಿದರೆ ಫೋನಿನಲ್ಲೇ ಹಿಡಿದಿಡಿ. ಫ್ಯಾನು ನಿಲ್ಲಿಸಿ, ಬಳೆಗೆ ಬಟ್ಟೆ ಸುತ್ತಿ. ಹೆಸರನ್ನು ಮಾತ್ರ ನೀವು ಹೇಳಬೇಡಿ. ಅವರ ಬಾಯಿಂದಲೇ ಹೇಳಿಸಿ.