ಬಾಯಿಹುಣ್ಣು, ಬಿಳಿಗಾರ ಮತ್ತು ಕಾಶ್ಯಪ

ಮಕ್ಕಳಿಗೆ ಪದೇ ಪದೇ ಬಾಯಿಹುಣ್ಣಾದರೆ ಹಿರಿಯರು ಹೇಳೋ ಮದ್ದು ನೀವೂ ಕೇಳಿರ್ತೀರಿ. ಜಾಜಿ ಎಲೆ ಅಗಿ, ಇಲ್ಲಾ ಸೀಬೆ ಎಲೆ ಅಗಿ, ಕೂಸಾದರೆ ಬಿಳಿಗಾರಾನ ಜೇನಲ್ಲಿ ಕಲಸಿ ಹಚ್ಚು. ಎಲ್ಲವೂ "ನಮ್ಮ ಆಯುರ್ವೇದ"! ಆದರೆ ಇವುಗಳ ವಯಸ್ಸು ಒಂದೇ ಅಲ್ಲ. ಜಾಜಿ ಎಲೆ ಹಳೇ ಸಂಸ್ಕೃತ ವೈದ್ಯಗ್ರಂಥಗಳಲ್ಲೇ ಇದೆ. ಸೀಬೆ ಮಾತ್ರ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಬಾಯಿಯ ರೋಗಗಳನ್ನು 65 ಅಂತ ಎಣಿಸಿದ ಸುಶ್ರುತ ಸೀಬೆಗಿಡ ಕಂಡಿರಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಕಾಶ್ಯಪ ಸಂಹಿತೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಗ್ರಂಥ. ನೇಪಾಳದಲ್ಲಿ ಸಿಕ್ಕ, ಅರ್ಧಂಬರ್ಧ ಉಳಿದಿದ್ದ ತಾಳೆಗರಿಯಿಂದ 1938ರಲ್ಲಿ ಅಚ್ಚಾಯಿತು. ಅದರ ವೇದನಾಧ್ಯಾಯದ ಪ್ರಶ್ನೆ ನೋಡಿ... ಮಾತು ಬಾರದ ಕೂಸಿಗೆ ನೋವು ಎಲ್ಲಿ ಅಂತ ತಿಳಿಯೋದು ಹೇಗೆ? ಜೊಲ್ಲು ವಿಪರೀತ ಸುರಿಯುತ್ತೆ, ಮೊಲೆ ಬೇಡ ಅನ್ನುತ್ತೆ, ಕುಡಿದ ಹಾಲು ಕಕ್ಕುತ್ತೆ, ಮೂಗಲ್ಲೇ ಉಸಿರಾಡುತ್ತೆ ಅಂದರೆ ತೊಂದರೆ ಬಾಯಲ್ಲಿ. ಲಾಗ್ ಇಲ್ಲದ ಪ್ರೋಗ್ರಾಂ ಡಿಬಗ್ ಮಾಡಿದವರಿಗೆ ಈ ಕಷ್ಟ ಗೊತ್ತು :)

ಇನ್ನು ಬಿಳಿಗಾರ-ಜೇನು. ಇದು ಬರೀ ನಮ್ಮದಲ್ಲ, 19ನೇ ಶತಮಾನದ ಬ್ರಿಟಿಷ್ ಔಷಧಕೋಶದಲ್ಲೂ ಇತ್ತು. 1983ರಲ್ಲಿ ಈ ಮಿಶ್ರಣ ಹೊಟ್ಟೆಗೆ ಹೋಗುತ್ತಿದ್ದ ಏಳು ಎಳೆಗೂಸುಗಳಿಗೆ ಫಿಟ್ಸ್ ಬಂದದ್ದು ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಯಿತು. ಮಿಶ್ರಣ ನಿಲ್ಲಿಸಿದ ಮೇಲೆ ಫಿಟ್ಸೂ ನಿಂತಿತು. ಜೇನೂ ಪೂರ್ತಿ ಸಾಧುವಲ್ಲ. 1976ರಲ್ಲಿ ಶಿಶುಗಳ ಬೊಟುಲಿಸಂ ರೋಗ ಪತ್ತೆಯಾದ ಮೇಲೆ, ವರ್ಷ ತುಂಬದ ಕೂಸಿಗೆ ಜೇನೇ ಬೇಡ ಅಂತಾರೆ ವೈದ್ಯರು. ಹುಣ್ಣು ಮರಳಿ ಮರಳಿ ಬರುತ್ತಿದ್ದರೆ ಕಬ್ಬಿಣ, ಬಿ12 ಕೊರತೆಯೂ ಕಾರಣವಿರಬಹುದು, ಅದಕ್ಕೆ ರಕ್ತ ಪರೀಕ್ಷೆಯೇ ಆಗಬೇಕು. ಅಜ್ಜಿಯ ಡಬ್ಬಿಯಲ್ಲಿರೋ ಬಿಳಿಗಾರಾನ ಮೊದಲು ಕೂಸಿನ ಕೈಗೆಟುಕದ ಕಡೆ ಎತ್ತಿಡಿ.