ಘಟ್ಟ ಇಳಿಯುವ ಹಂಗಾಮು

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳ ಬಾಯಲ್ಲಿ ‘ಕುಮಟಾ’ ಅಂದರೆ ಒಂದು ಬಗೆಯ ಹತ್ತಿ. ಬೆಳೆದದ್ದು ಧಾರವಾಡ, ಹುಬ್ಬಳ್ಳಿ ಕಡೆಯ ಎರೆ ಹೊಲಗಳಲ್ಲಿ. ಹಡಗು ಹತ್ತಿದ್ದು ಕುಮಟಾ ಬಂದರಿನಲ್ಲಿ. ಸರಕಿಗೆ ಹೆಸರು ಅಂಟಿದ್ದು ಬೆಳೆದ ಊರಿನದಲ್ಲ, ದಾರಿಯ ಕೊನೆಯ ಊರಿನದು. ಇನ್ನು ನಡುವೆ ದೇವಿಮನೆ ಘಟ್ಟದಲ್ಲಿ ಅಂಡಿಗೆ ಇಳಿಸಿದ ಗಾಡಿಕಾರನ ಹೆಸರು ಯಾವ ಕಡತದಲ್ಲೂ ಇಲ್ಲ. 1883ರ ಕೆನರಾ ಗೆಜೆಟಿಯರ್ ಬಂದರುಗಳ ವಹಿವಾಟನ್ನು ರೂಪಾಯಿಗಳಲ್ಲಿ ಲೆಕ್ಕ ಕೊಡುತ್ತದೆ. ಸಾಗಣೆಯ ಚರಿತ್ರೆಯನ್ನು ಸಂಶೋಧನೆಗೆ ಎತ್ತಿಕೊಂಡ ನನಗೆ ಬೇಕಿದ್ದದ್ದು ಎತ್ತು ಹೊಡೆದವನ ವರ್ಷದ ಲೆಕ್ಕ. ಅದನ್ನು ಬೆಳೆ, ಮಳೆ, ಮೈಲಿಗಳಿಂದ ನಾವೇ ಕಟ್ಟಿಕೊಳ್ಳಬೇಕು.

ಕಟ್ಟಿ ನೋಡೋಣ. ಹೊಲದಲ್ಲಿ ಹತ್ತಿ ಬಿಡಿಸುವುದು ಹೆಚ್ಚುಕಡಿಮೆ ಫೆಬ್ರವರಿಯಿಂದ. ಜೂನ್ ಬಂತೆಂದರೆ ಕರಾವಳಿಗೆ ಮಳೆ. ಪತ್ತೇಮಾರಿ, ಮಚವೆಗಳನ್ನು ದಡಕ್ಕೆ ಎಳೆದು ಮಡಲು ಹೊದಿಸುತ್ತಾರೆ. ಈ ಎರಡರ ನಡುವಿನ ಮೂರ್ನಾಲ್ಕು ತಿಂಗಳೇ ಹಂಗಾಮು. ಹುಬ್ಬಳ್ಳಿಯಿಂದ ಶಿರಸಿ ಹಾದು ಕುಮಟಾಕ್ಕೆ ಸುಮಾರು ನೂರು ಮೈಲಿ. ಹೇರು ಹೊತ್ತ ಎತ್ತು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದರೆ ಹೆಚ್ಚು. ಹೋಗಿಬರುವುದು, ಬಂದರಿನಲ್ಲಿ ಕಾಯುವುದು ಎಲ್ಲ ಸೇರಿಸಿದರೆ ಒಬ್ಬ ಗಾಡಿಕಾರನಿಗೆ ವರ್ಷಕ್ಕೆ ನಾಲ್ಕೈದು ಸುತ್ತು ಸಿಕ್ಕರೆ ಪುಣ್ಯ.

ಇಂಥ ದಾರಿಗೆ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಬಂದು ಬಡಿಯಿತು. ದಕ್ಷಿಣದ ರಾಜ್ಯಗಳ ಹತ್ತಿ ನಿಂತುಹೋಗಿ ಲಂಕಾಶೈರಿನ ಗಿರಣಿಗಳು ಬಾಯಿಬಿಟ್ಟಾಗ ಭಾರತದ ಹತ್ತಿಗೆ ಕಂಡರಿಯದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಧಾರವಾಡದ ಹತ್ತಿಗೆ ಕಾರವಾರದಲ್ಲಿ ಒಳ್ಳೆಯ ಬಂದರು ಬೇಕೆಂಬ ಒತ್ತಾಯವಿತ್ತು. ಒಂದು ಜಿಲ್ಲೆಯೇ ಹತ್ತಿಗಾಗಿ ಪ್ರಾಂತ್ಯ ಬದಲಿಸಿತು ಅನ್ನುವುದನ್ನು ಶಾಲೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. 1880ರ ದಶಕದ ಕೊನೆಗೆ ಮರ್ಮಗೋವಾದ ರೈಲು ಘಟ್ಟ ಹತ್ತಿ ಬಂದ ಮೇಲೆ ಹತ್ತಿ ಆ ಕಡೆ ತಿರುಗಿತು. ಕುಮಟಾದ ಕೈಯಲ್ಲಿ ಹೆಸರು ಮಾತ್ರ ಉಳಿಯಿತು.

ಗಾಡಿ ಇಳಿಯುವಾಗ ಹತ್ತಿ; ಏರುವಾಗ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ. ಇಂದಿನ ಲಾರಿಯವರು ಇದನ್ನು ರಿಟರ್ನ್ ಲೋಡ್ ಅನ್ನುತ್ತಾರೆ. (ಗಾಡಿರಸ್ತೆಗೂ ಮೊದಲು ಇದೇ ಉಪ್ಪನ್ನು ಎತ್ತುಗಳ ಬೆನ್ನ ಮೇಲೆ ಏರಿಸುತ್ತಿದ್ದವರು ಲಂಬಾಣಿಗಳು. ರಸ್ತೆ ಆದದ್ದು ಅವರ ಪಾಲಿಗೆ ನಷ್ಟದ ಕಥೆ. ಅದು ಬೇರೆಯೇ ಬರಹ ಬೇಡುತ್ತದೆ.)

ಇದಾಗಿ ನೂರಾನಲವತ್ತು ವರ್ಷದ ಬಳಿಕ ಅದೇ ಜಿಲ್ಲೆಯ ಇನ್ನೊಂದು ಘಟ್ಟ, ಅರಬೈಲು, ಮತ್ತೊಂದು ಸರಕಿನಿಂದ ಕೆಂಪಾಯಿತು. 2003ರ ಆಸುಪಾಸಿನಲ್ಲಿ ಚೀನಾದ ಉಕ್ಕಿನ ಹಸಿವಿಗೆ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆಗಳಿಂದ ಹೊರಟ ಲಾರಿಗಳು ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಯ ಬಳಿಯ ಬೇಲೆಕೇರಿಗೆ ಸಾಲುಗಟ್ಟಿದವು. ಬೇಲೆಕೇರಿಯೂ ಮಳೆಗಾಲದಲ್ಲಿ ಮುಚ್ಚುವ ಬಂದರು. ಹಾಗಾಗಿ ಜೂನ್ ಒಳಗೆ ಎಷ್ಟು ಟ್ರಿಪ್ ಹೊಡೆದರೆ ಅಷ್ಟು. ಬಾಡಿಗೆ ಟನ್ನಿನ ಲೆಕ್ಕದ್ದು. ನಿದ್ದೆ ಬಿಟ್ಟು ಓಡಿಸಿದರು, ಮಿತಿ ಮೀರಿ ಹೇರಿದರು. ಆ ಮಿತಿಮೀರಿದ ಹೇರು 2011ರ ಲೋಕಾಯುಕ್ತ ವರದಿಯಲ್ಲಿ ದಾಖಲಾಗಿದೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. ಮರುವರ್ಷ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ತಡೆಯಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾವು ಬರೆದುಕೊಂಡ ಅದಿರಿನ ಚರಿತ್ರೆಯಲ್ಲಿ ಗಣಿಧಣಿಗಳಿದ್ದಾರೆ, ಮಂತ್ರಿಗಳಿದ್ದಾರೆ, ಬೇಲೆಕೇರಿಯಲ್ಲಿ ಕಾಣೆಯಾದ ಅದಿರಿದೆ. ಆ ಮಳೆಗಾಲ ಮುಗಿಯದೇ ಹೋದ ಚಾಲಕನಿಲ್ಲ.

ಯಲ್ಲಾಪುರದ ಹೊರಗೊಂದು ಢಾಬಾದಲ್ಲಿ ಅಂಥ ಒಬ್ಬರು ಸಿಕ್ಕರು. ಕಲಘಟಗಿ ಕಡೆಯವರು, ಅರವತ್ತರ ಹತ್ತಿರ. ಹತ್ತಿ ಗಾಡಿಗಳ ಕಥೆಯನ್ನು ಗಮನವಿಟ್ಟು ಕೇಳಿ, “ಮಳಿಗಾಲದಾಗ ಅವರು ಏನ್ ಮಾಡ್ತಿದ್ರು ತಮ್ಮಾ?” ಎಂದರು. “ಉಳುತ್ತಿದ್ದರು ಕಾಕಾ, ಗಾಡಿಗೆ ಕಟ್ಟಿದ ಎತ್ತನ್ನೇ ನೇಗಿಲಿಗೆ ಕಟ್ಟುತ್ತಿದ್ದರು” ಎಂದೆ.

ಅವರು ಚಹಾ ಕುಡಿದು ಮುಗಿಸುವವರೆಗೆ ಮಾತಾಡಲಿಲ್ಲ. ಆಮೇಲೆ ಹೇಳಿದರು: “ನಂದೂ ಎರಡ ಎಕರೆ ಇತ್ತು. ಅದನ್ನ ಮಾರೇ ಗಾಡಿಗೆ ಮುಂಗಡ ಕಟ್ಟಿದೆ. ಮಳಿ ಬಂದ್ರ ಗಾಡಿ ನಿಂದರತಿತ್ತು, ಕಂತು ನಿಂದರತಿರಲಿಲ್ಲ.”

ನಾನು ಅಲ್ಲಿಯವರೆಗೆ ಹತ್ತಿಯ ಹಂಗಾಮನ್ನೂ ಅದಿರಿನ ಹಂಗಾಮನ್ನೂ ಒಂದೇ ಕಥೆಯ ಎರಡು ಅಧ್ಯಾಯವೆಂದು ಬರೆಯುತ್ತಿದ್ದೆ. ದೂರದ ದೇಶದ ಬೆಲೆ, ಇಲ್ಲಿಯ ಘಟ್ಟ, ಮಳೆಗೆ ಮುಚ್ಚುವ ಬಂದರು: ಹೊಂದಿಕೆ ಅಷ್ಟು ಚೆನ್ನಾಗಿತ್ತು. ಮಾರ್ಗದರ್ಶಕರಿಗೂ ಹಿಡಿಸಿತ್ತು. ಆ ಅಧ್ಯಾಯವನ್ನು ಒಡೆದು ಮತ್ತೆ ಬರೆಯಬೇಕಾಯಿತು. ಎತ್ತಿನವನಿಗೆ ಸಾಗಣೆ ನಿಂತ ದಿನವೇ ಬಿತ್ತನೆ ಶುರು. ಅವನಿಗೂ ಸಾಹುಕಾರನ ಬಡ್ಡಿ ಇತ್ತು, ಸುಖಪುರುಷನೇನಲ್ಲ, ಆದರೆ ಅವನ ಮಳೆಗಾಲ ಖಾಲಿ ಇರಲಿಲ್ಲ. ಅದಿರಿನ ಲಾರಿಯವರು ಕೊಟ್ಟದ್ದು ಆ ಮಳೆಗಾಲವನ್ನೇ. ಮೇಲೆ ಏರುವಾಗ ಅವರ ಲಾರಿ ಬಹಳ ಸಲ ಖಾಲಿ. ಉಪ್ಪೂ ಇಲ್ಲ, ಕಾಯಿಯೂ ಇಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ದುಡಿಮೆ, ವಾರಕ್ಕೊಂದು ರಜೆ ಎಂದಿತು. ಆದರೆ 2025ರಲ್ಲಿ ರದ್ದಾಗುವವರೆಗೂ ಅದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಂದು ಲಾರಿ, ಒಬ್ಬ ಚಾಲಕ, ಒಬ್ಬ ಕ್ಲೀನರ್ ಅನ್ನುವ ಲೋಕ ಅದರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಕಾಕಾನ ಲಾರಿಯನ್ನು ಸಾಲ ಕೊಟ್ಟವರು 2012ರಲ್ಲಿ ಎಳೆದೊಯ್ದರಂತೆ. ಈಗ ಬೇರೊಬ್ಬರ ಗಾಡಿ ಓಡಿಸುತ್ತಾರೆ, ಟ್ರಿಪ್ಪಿಗಿಷ್ಟು ಭತ್ಯೆ. ವರ್ಷದ ಲೆಕ್ಕ ಕೇಳಿದೆ. ಬೆರಳು ಮಡಚುತ್ತ ಹೇಳಿದರು. ದಸರಾ ಮುಂದೆ ಪಾರ್ಸೆಲ್ ಮಾಲು. ದೀಪಾವಳಿ ಆದಮೇಲೆ ಹಾವೇರಿಯ ಗೋವಿನಜೋಳ, ಹಿಂದೆಯೇ ಕಬ್ಬು. ಜನವರಿಯಿಂದ ಬ್ಯಾಡಗಿ ಮೆಣಸಿನಕಾಯಿ. ಆ ಘಾಟಿಗೆ ಕ್ಲೀನರ್ ಹುಡುಗರು ನಿಲ್ಲುವುದಿಲ್ಲ. ಬೇಸಿಗೆಗೆ ಮಾವು. ಜೂನ್, ಜುಲೈ, ಆಗಸ್ಟಿಗೆ ಬಂದಾಗ ಬೆರಳು ನಿಂತಿತು. ತಾಡಪತ್ರಿ ಹೊಲೀತೀನಿ, ಎಂದರು.