ಫ್ರಿಜ್ಜು ಐದು ನಿಮಿಷ ಕಾದರೆ?



2012ರ ಜುಲೈ ಕೊನೆಯ ಎರಡು ದಿನ ದೆಹಲಿಯಲ್ಲಿದ್ದವರು ಅದನ್ನು ಮರೆತಿರಲಾರರು. 30ರ ನಸುಕಿನ 2.33ಕ್ಕೆ ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ 1 ಗಂಟೆಗೆ ಮತ್ತೆ ಕುಸಿದಾಗ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಜೊತೆಗೆ ಹೋದವು. ಮೆಟ್ರೋ ನಿಂತಿತು. ಸುಮಾರು 60 ಕೋಟಿ ಜನರಿಗೆ ಕರೆಂಟಿಲ್ಲ!

ನಮ್ಮ ದೇಶದ ವಿದ್ಯುತ್ತಿನ ತಾಳ ಸೆಕೆಂಡಿಗೆ 50 ಆವರ್ತನ. ಉತ್ಪಾದನೆಗಿಂತ ಬಳಕೆ ಹೆಚ್ಚಾದರೆ ತಾಳ ನಿಧಾನವಾಗುತ್ತದೆ. ಅದು ತೀರಾ ಇಳಿದಾಗ ಕೆಲವು ಬಡಾವಣೆಗಳ ಕರೆಂಟನ್ನು ತಾನಾಗಿಯೇ ಕಡಿದು ಜಾಲವನ್ನು ಉಳಿಸಲು ರಿಲೇಗಳಿರುತ್ತವೆ. ಅಂದು ಅವುಗಳಿಂದ ಸಾಕಷ್ಟು ಹೊರೆ ಇಳಿಯಲಿಲ್ಲ ಎಂದು ತನಿಖಾ ಸಮಿತಿ ಹೇಳಿತು.

ಹೀಗೆ ಕಡಿಯುವುದರಲ್ಲಿ ಒಂದು ಅನ್ಯಾಯವೂ ಇದೆ. ಎಸಿಯ ಜೊತೆಗೆ ಕಾಯಿಲೆ ಮಲಗಿದವರ ಫ್ಯಾನೂ ನಿಲ್ಲುತ್ತದೆ.

ಇದಕ್ಕೊಂದು ಉಪಾಯ ಹಳೆಯದೇ. ಅಮೆರಿಕದ ಎಂಐಟಿಯ ಫ್ರೆಡ್ ಶ್ವೆಪ್ಪೆ 1982ರಲ್ಲಿ ಒಂದು ಸಾಧನಕ್ಕೆ ಪೇಟೆಂಟ್ ಪಡೆದರು. ತಾಳ ಇಳಿದ ಸುದ್ದಿ ಗೋಡೆಯ ಪ್ಲಗ್ಗಿಗೇ ಬಂದಿರುತ್ತದಲ್ಲ, ಅದನ್ನು ಓದಿ ಉಪಕರಣ ತನ್ನ ಸರದಿಯನ್ನು ತುಸು ಮುಂದಕ್ಕೆ ಹಾಕಬೇಕು. ಫ್ರಿಜ್ಜಿನ ಕಂಪ್ರೆಸರ್ ಐದು ನಿಮಿಷ ತಡವಾಗಿ ಶುರುವಾದರೆ ಹಾಲು ಕೆಡುವುದಿಲ್ಲ. ಆದರೆ ಲಕ್ಷಾಂತರ ಫ್ರಿಜ್ಜು, ಗೀಸರ್, ಎಸಿಗಳು ಹಾಗೆ ಕಾದರೆ ಜಾಲಕ್ಕೆ ಉಸಿರು ಬರುತ್ತದೆ. ಯಾರ ಫ್ಯಾನನ್ನೂ ನಿಲ್ಲಿಸಬೇಕಿಲ್ಲ.

2012ರಲ್ಲಿ ಊರಿನವರು ಈ ಕತ್ತಲಿನಿಂದ ಪಾರಾಗಿದ್ದರು. ದಕ್ಷಿಣದ ಜಾಲದ ತಾಳ ಆಗ ಬೇರೆಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಅದನ್ನು ಉಳಿದ ದೇಶದೊಂದಿಗೆ ಬೆಸೆಯಿತು. ಈಗ ದೆಹಲಿಯ ನಮ್ಮ ಎಸಿಯೂ ರಾಯಚೂರಿನ ಪಂಪ್‌ಸೆಟ್ಟೂ ಒಂದೇ ತಾಳಕ್ಕೆ ನಡೆಯುತ್ತವೆ. ಕಷ್ಟಕ್ಕೆ ಪರಸ್ಪರ ನೆರವಾಗುವುದು ಇದರ ಲಾಭ. ತಾಳ ತಪ್ಪಿದರೆ ಪೆಟ್ಟು ಎಲ್ಲರಿಗೂ.

2024ರ ಜೂನ್ 19ರ ಮಧ್ಯಾಹ್ನ ದೆಹಲಿಯ ಬೇಡಿಕೆ 8,656 ಮೆಗಾವ್ಯಾಟ್ ಮುಟ್ಟಿತು. ಅದರಲ್ಲಿ ದೊಡ್ಡ ಪಾಲು ತಂಪಿಗಾಗಿ. 2020ರ ಜನವರಿಯಿಂದ ಹೊಸ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ ಬಂದಿದೆ. ಆದರೆ ರಿಮೋಟ್ ನಮ್ಮ ಕೈಯಲ್ಲೇ ಇದೆಯಲ್ಲ!

ತಾಳ ಕೇಳುವ ಫ್ರಿಜ್ಜು ಮನೆಮನೆಗೆ ಬರುವವರೆಗೆ ಆ ಕೆಲಸ ನಮ್ಮದು. ಸುಡುವ ಮಧ್ಯಾಹ್ನ ಬಟ್ಟೆ ಒಗೆಯುವ ಮೆಷಿನ್ ಹಾಕುವ ಮುನ್ನ ಒಮ್ಮೆ ಯೋಚಿಸಿ, ಬೆಳಿಗ್ಗೆಯೇ ಮುಗಿಸಬಹುದಿತ್ತಲ್ಲವೇ?